ಫೋಟೋ ಕದ್ದ ಆರೋಪ: ನಮ್ಮ ಕ್ಲಬ್‌ನಲ್ಲಿ ನಾನು ಬಗೆಹರಿಸಿದ್ದು ಹೀಗೆ

ಮೈಸೂರಿನ ನಮ್ಮ ಹವ್ಯಾಸಿ ಫೋಟೋಗ್ರಫಿ ಕ್ಲಬ್‌ನಲ್ಲಿ ಸಂಬಳದವರು ಯಾರೂ ಇಲ್ಲ. ಸ್ಪರ್ಧೆಗೆ ಮಾತ್ರ ವರ್ಷಕ್ಕೊಂದು ಜಗಳ ಗ್ಯಾರಂಟಿ.

ಮೊದಲ ಸಲ ಕೆಡಿಸಿದ್ದು ನಾನೇ. ರಂಗನತಿಟ್ಟಿನ ಒಂದು ಹಕ್ಕಿ ಚಿತ್ರ ಕದ್ದದ್ದು ಅಂತ ದೂರು ಬಂತು. ಸುಮ್ನೆ ವಾಟ್ಸಾಪ್ ಗುಂಪಿಗೆ ಹಾಕಿ 'ಏನಂತೀರಿ?' ಅಂದೆ. ಗಂಟೆಯೊಳಗೆ ಎಂಬತ್ತೋ ತೊಂಬತ್ತೋ ಮೆಸೇಜು. ಚಿತ್ರ ಕಳಿಸಿದವನು ಗುಂಪು ಬಿಟ್ಟ. ಎರಡು ವಾರದ ಮೇಲೆ ರಾ ಫೈಲ್ (ಕ್ಯಾಮೆರಾದಲ್ಲೇ ಉಳಿಯುವ ಮೂಲ ಫೈಲು) ಬಂತು, ಚಿತ್ರ ಅವನದೇ! ಅಷ್ಟರಲ್ಲಿ ಬಹುಮಾನ ಕೊಡುತ್ತೇನೆ ಅಂದವರು ಹಿಂದೆ ಸರಿದಿದ್ದರು. ಹಾಲ್ ಬಾಡಿಗೆ, ಪ್ರಿಂಟು ಸೇರಿ ಒಂಬತ್ತು ಸಾವಿರದಷ್ಟು ನನ್ನ ಜೇಬಿಂದ ಹೋಯಿತು.

ಹೋದ ವರ್ಷ ಹಂಪಿಯ ಮಾತಂಗ ಬೆಟ್ಟದ ಚಿತ್ರ. 'ಕದ್ದಿದ್ದಾನೆ ಸಾರ್' ಅಂತ ಒಬ್ಬರು ಇನ್ಯಾರದೋ ಹಳೇ ಚಿತ್ರ ಕಳಿಸಿದರು. ಈ ಸಲ ಗುಂಪಿಗೆ ಹಾಕಲಿಲ್ಲ. 'ಎಲ್ಲೆಲ್ಲಿ ಒಂದೇ ಥರ ಇದೆ ಅಂತ ಹೆಸರು ಹಾಕಿ ಬರೆದು ಕೊಡಿ' ಅಂದೆ. ಅರ್ಧ ದೂರುಗಳು ಇಲ್ಲೇ ಸಾಯುತ್ತವೆ. 'ಇದೇನು ಕೋರ್ಟಾ?' ಅಂತ ಕಮಿಟಿಯವರೇ ನಕ್ಕರು.

ಚಿತ್ರ ಕಳಿಸಿದ ಹುಡುಗನನ್ನು ಮನೆಗೆ ಕರೆದು ಕಾಫಿ ಕೊಟ್ಟೆ. ಎಕ್ಸಿಫ್, ಅಂದರೆ ಚಿತ್ರದ ಜೊತೆ ಕ್ಯಾಮೆರಾ ಬರೆದಿಡುವ ದಿನಾಂಕ, ಸೆಟ್ಟಿಂಗಿನ ವಿವರ, ಕೇಳಲಿಲ್ಲ; ಅದನ್ನು ಯಾರು ಬೇಕಾದರೂ ತಿದ್ದಬಹುದು. ರಾ ಫೈಲ್ ಜೊತೆ, ಅದಕ್ಕೆ ಮುಂಚೆ ತೆಗೆದ ಹತ್ತು, ಆಮೇಲೆ ತೆಗೆದ ಹತ್ತು ಫ್ರೇಮ್ ಕೇಳಿದೆ. ಕದ್ದವನ ಹತ್ತಿರ ಅವು ಎಲ್ಲಿಂದ ಬರಬೇಕು? ಇವನ ಲ್ಯಾಪ್‌ಟಾಪಿನಲ್ಲಿ ಎಲ್ಲಾ ಇತ್ತು: ಹಿಂದಿನದರಲ್ಲಿ ಅಚ್ಯುತರಾಯ ದೇವಸ್ಥಾನದ ಗೋಪುರ ವಾಲಿದೆ, ಮುಂದಿನದರಲ್ಲಿ ಮೂಲೆಗೆ ಗೆಳೆಯನ ಮೊಣಕೈ. ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ವರ್ಷ ಉತ್ತರ ಕಲಿತುಕೊಂಡೇ ಬರುತ್ತಾರೆ.

'ಹಾಗಾದ್ರೆ ಆ್ಯಂಗಲ್ ಕದ್ದಿದ್ದಾನೆ' ಅಂದರು ದೂರಿನವರು. ಆರು ಜನರನ್ನು ಬೆಟ್ಟ ಹತ್ತಿಸಿದೆ, ಒಬ್ಬರ ಕ್ಯಾಮೆರಾ ಇನ್ನೊಬ್ಬರು ನೋಡಬಾರದು ಅಂತ ತಾಕೀತು ಮಾಡಿ. ನಾಲ್ವರು ಹೆಚ್ಚುಕಮ್ಮಿ ಅದೇ ಚಿತ್ರ ತಂದರು. ಆ ಬಂಡೆ ಮೇಲೆ ಕಾಲೂರೋಕೆ ಇರೋ ಜಾಗವೇ ಅಷ್ಟು, ಅಲ್ವಾ? ಖರ್ಚು ಮೂರೂವರೆ ಸಾವಿರ, ಖಜಾಂಚಿ ಇನ್ನೂ ಬಿಲ್ ಪಾಸ್ ಮಾಡಿಲ್ಲ.

ಎಲ್ಲಾ ಸಲ ಇಷ್ಟು ಸಲೀಸಲ್ಲ. ಇನ್ನೊಂದು ಕೇಸಿನಲ್ಲಿ ಮೊಬೈಲಿನ ಒಂದೇ ಜೆಪೆಗ್ (ಮಾಮೂಲಿ ಫೋಟೋ ಫೈಲು) ಇತ್ತು, ಉಳಿದದ್ದು ಡಿಲೀಟ್ ಆಗಿತ್ತು. ನನಗೂ ಅನುಮಾನವೇ. ಆದರೂ 'ಸಾಬೀತಾಗಿಲ್ಲ' ಅಂತ ಕ್ಲಬ್ಬಿನ ಪುಸ್ತಕದಲ್ಲಿ ಬರೆದು ಬಹುಮಾನ ಕೊಟ್ಟೆವು. ಹೊಸ ಪುರಾವೆ ಇಲ್ಲದೆ ಆ ಮಾತು ಮತ್ತೆ ಎತ್ತುವ ಹಾಗಿಲ್ಲ.

ಹಂಪಿಯ ಹುಡುಗ ಈಗ ಯಾವ ಚಿತ್ರ ಕಳಿಸಿದರೂ, ಕೇಳದೇ ಇಪ್ಪತ್ತು ಫ್ರೇಮ್ ಜೊತೆಗೆ ಕಳಿಸುತ್ತಾನೆ. ನನ್ನ ಡ್ರೈವ್ ತುಂಬಿಹೋಗಿದೆ.