ಹೊಂಡಕ್ಕೆ ಜಿಯೋಮೆಂಬ್ರೇನ್ ಹಾಸುವುದು: ನಾನು ಅನುಸರಿಸುವ ಕ್ರಮ

ಲೈನರ್ (ನೀರು ಇಂಗದಂತೆ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಅಥವಾ ರಬ್ಬರ್ ಶೀಟು, ಅಂದರೆ ಜಿಯೋಮೆಂಬ್ರೇನ್) ಹಾಸಿದ ಹೊಂಡ ಸೋರುತ್ತಿದ್ದರೆ ನಾನು ಮೊದಲು ನೋಡುವುದು ಮೂರು ಜಾಗ: ಪೈಪು ಒಳಗೆ ಬರುವ ಕಡೆ, ಮೂಲೆಗಳು, ಇಳಿಜಾರು ತಳಕ್ಕೆ ಸೇರುವ ಸಾಲು. ಶೀಟಿನ ನಡುವೆ ತೂತು ಸಿಕ್ಕರೆ ಅದರ ಕೆಳಗೆ ಕೈಯಾಡಿಸಬೇಕು, ಹೆಚ್ಚಾಗಿ ಅಲ್ಲೊಂದು ಚೂಪು ಕಲ್ಲು ಸಿಗುತ್ತದೆ. ಕಾರ್ಖಾನೆಯಿಂದ ಬಂದ ಶೀಟೇ ಕೆಟ್ಟಿರುವುದು ಬಲು ಅಪರೂಪ. ಅದಕ್ಕೇ ಈ ಕೆಲಸದ ಹೆಚ್ಚು ಸಮಯವನ್ನು ರೋಲ್ ಬಿಚ್ಚುವ ಮೊದಲೇ ನೆಲಕ್ಕೆ ಕೊಡುತ್ತೇನೆ.

ಮೊದಲು ಶೀಟಿನ ಆಯ್ಕೆ. ಕಾರ್ಖಾನೆಯ ತ್ಯಾಜ್ಯನೀರು, ರಾಸಾಯನಿಕ, ಎಣ್ಣೆ ಬೆರೆತ ನೀರು ನಿಲ್ಲುವುದಾದರೆ ಎಚ್‌ಡಿಪಿಇ (ಗಟ್ಟಿ ಬಗೆಯ ಪಾಲಿಥಿನ್), ಅದೂ 1.5 ಮಿ.ಮೀ. ದಪ್ಪದ್ದು. ಕೃಷಿ ಹೊಂಡಕ್ಕೆ 500 ಮೈಕ್ರಾನ್, ಅಂದರೆ ಅರ್ಧ ಮಿ.ಮೀ. ಶೀಟನ್ನು ಬಹಳ ಕಡೆ ಹಾಕುತ್ತಾರೆ. ನಾನು 0.75 ಅಥವಾ 1 ಮಿ.ಮೀ. ಹಾಕಿ ಎನ್ನುತ್ತೇನೆ. ತೆಳು ಶೀಟಿಗೆ ವೆಲ್ಡಿಂಗ್‌ನ ಶಾಖ ತುಸು ಹೆಚ್ಚಾದರೂ ಜೋಡಿನ ಪಕ್ಕವೇ ಸುಟ್ಟು ಸೊರಗುತ್ತದೆ, ತುಸು ಕಡಿಮೆಯಾದರೆ ಅಂಟುವುದಿಲ್ಲ. ತುಂಬಿದ ಮಣ್ಣಿನ ಮೇಲೆ, ಮುಂದೆ ತಳ ಕುಸಿಯುವ ಸಂಭವ ಇರುವ ಕಡೆ, ಎಳೆದರೆ ಹಿಗ್ಗುವ ಮೆದು ಬಗೆಯ ಪಾಲಿಥಿನ್ ಎಲ್‌ಎಲ್‌ಡಿಪಿಇ ಒಳ್ಳೆಯದು. ಪಿವಿಸಿಯನ್ನು ಮಣ್ಣು ಮುಚ್ಚಿದರೆ ಮಾತ್ರ ಬಳಸುತ್ತೇನೆ. ಬಿಸಿಲಿಗೆ ಬಿಟ್ಟರೆ ಅದನ್ನು ಮೆದುವಾಗಿಟ್ಟ ಪ್ಲಾಸ್ಟಿಸೈಜರ್ ಹೋಗಿ ಗಡಸಾಗಿ ಬಿರಿಯುತ್ತದೆ. ಇಪಿಡಿಎಂ ರಬ್ಬರ್ ಸಣ್ಣ ಹೊಂಡಗಳಿಗೆ ಸುಲಭ, ಆದರೆ ಎಣ್ಣೆ ತಾಗುವ ಕಡೆ ಬೇಡ. ಬಿಸಿಲಿಗೆ ತೆರೆದಿರುವ ಕಪ್ಪು ಎಚ್‌ಡಿಪಿಇಯಲ್ಲಿ ಕಾರ್ಬನ್ ಬ್ಲ್ಯಾಕ್ (ಬಿಸಿಲಿನಿಂದ ಕಾಪಾಡುವ ಮಸಿಯಂಥ ಪುಡಿ) 2ರಿಂದ 3% ಇರಬೇಕು. ರೋಲಿನ ಜೊತೆ ಬರುವ ಪ್ರಮಾಣಪತ್ರದಲ್ಲಿ ಇದನ್ನು ನೋಡದೆ ಇಳಿಸಿಕೊಳ್ಳುವುದಿಲ್ಲ.

ಅಳತೆ ಹಾಕುವುದು ಹೀಗೆ. ಮೇಲ್ಬಾಯಿ 30 × 30 ಮೀಟರ್, ಆಳ 3 ಮೀಟರ್, ಇಳಿಜಾರು 1:2 (ಒಂದು ಮೀಟರ್ ಆಳಕ್ಕೆ ಎರಡು ಮೀಟರ್ ಅಗಲ) ಎಂದಿಟ್ಟುಕೊಳ್ಳಿ. ತಳ 18 × 18 ಆಗುತ್ತದೆ, ಇಳಿಜಾರಿನ ಉದ್ದ 6.7 ಮೀಟರ್. ಏರಿಯ ತುದಿಯಿಂದ ಒಂದು ಮೀಟರ್ ಹಿಂದೆ 60 ಸೆಂ.ಮೀ. ಆಳ, 40 ಸೆಂ.ಮೀ. ಅಗಲದ ಆಂಕರ್ ಕಂದಕ, ಅಂದರೆ ಶೀಟಿನ ಅಂಚನ್ನು ಹೂತು ಹಿಡಿಸುವ ಕಾಲುವೆ, ತೋಡುತ್ತೇನೆ. ಅಲ್ಲಿಗೆ ಪ್ರತಿ ಕಡೆ ಇನ್ನೂ 2 ಮೀಟರ್ ಬೇಕು. ಒಟ್ಟು 18 + 13.4 + 4 = 35.4 ಮೀಟರ್. ಸಡಿಲಕ್ಕೆಂದು 2% ಸೇರಿಸಿದರೆ 36 ಮೀಟರ್ ದಾಟುತ್ತದೆ. ಕಂದಕದ ಒಳ ಅಂಚನ್ನು ಗುಂಡಗೆ ಕೆತ್ತಿರಬೇಕು. ಚೂಪಾಗಿ ಬಿಟ್ಟರೆ ಶೀಟಿನ ತೂಕವೆಲ್ಲ ಆ ಒಂದು ಗೆರೆಯ ಮೇಲೆ ಬಿದ್ದು, ವರ್ಷಗಳ ನಂತರ ಅಲ್ಲೇ ಬಿರುಕು ಕಾಣಿಸುತ್ತದೆ.

ಈಗ ನೆಲ. ಬೇರುಗಳನ್ನು ಕಿತ್ತು, ಮಣ್ಣನ್ನು ಹದವಾಗಿ ತೇವ ಮಾಡಿ, ನುಣುಪು ರೋಲರ್ ಓಡಿಸಿ ಗಟ್ಟಿ ಮಾಡಿಸುತ್ತೇನೆ. 10 ಮಿ.ಮೀ.ಗಿಂತ ದೊಡ್ಡ ಕಲ್ಲು ಮೇಲ್ಮೈಯಲ್ಲಿ ಇರಬಾರದು, ಅದಕ್ಕಿಂತ ಸಣ್ಣದಾದರೂ ಚೂಪಾಗಿದ್ದರೆ ಬೇಡ. ರೋಲರ್ ಓಡಿದ ಮೇಲೆ ಎರಡು ಮೂರು ಜನ ಸಾಲಾಗಿ ನಡೆದು ಕೈಯಿಂದಲೇ ಆರಿಸಬೇಕು. ಇದಕ್ಕೆ ಬದಲಿ ಯಂತ್ರ ನಾನು ಕಂಡಿಲ್ಲ. ನಂತರ ನೇಯದ ಜಿಯೋಟೆಕ್ಸ್‌ಟೈಲ್, ಅಂದರೆ ಶೀಟಿನ ಕೆಳಗೆ ಹಾಸುವ ದಪ್ಪ ಸಿಂಥೆಟಿಕ್ ಬಟ್ಟೆ: ಒಳ್ಳೆಯ ಮಣ್ಣಿದ್ದರೆ ಚದರ ಮೀಟರ್‌ಗೆ 200ರಿಂದ 300 ಗ್ರಾಂ ತೂಕದ್ದು, ಕಲ್ಲುನೆಲವಾದರೆ ಅದಕ್ಕಿಂತ ಭಾರದ್ದು. ಬಟ್ಟೆ ಇದೆಯಲ್ಲ ಎಂದು ಕಲ್ಲು ಆರಿಸುವುದನ್ನು ಬಿಡುವವರಿದ್ದಾರೆ. ಮೂರು ಮೀಟರ್ ನೀರಿನ ಭಾರಕ್ಕೆ ಆ ಬಟ್ಟೆ ಕಲ್ಲಿನ ಮೊನೆಯನ್ನು ಮೊಂಡು ಮಾಡುವುದಿಲ್ಲ.

ನೆಲದಡಿಯ ಗಾಳಿ ಮತ್ತು ನೀರನ್ನು ಮರೆತರೆ ಶೀಟು ತಿಮಿಂಗಿಲದ ಬೆನ್ನಿನಂತೆ ಉಬ್ಬಿ ಮೇಲೇಳುತ್ತದೆ. ಸಗಣಿ ಗೊಬ್ಬರದ ಹೊಂಡ, ಹಳೆಯ ಕೆರೆಯಂಗಳ, ಸಾವಯವ ಅಂಶ ಹೆಚ್ಚಿರುವ ಮಣ್ಣು ಇವುಗಳಲ್ಲಿ ಇದು ಖಚಿತ. ತಳಕ್ಕೆ ಕನಿಷ್ಠ 1% ವಾಟ ಕೊಟ್ಟು, ಗಾಳಿ ಏರಿ ಹೋಗಲು ದಾರಿ ಮಾಡಿ, ಏರಿಯ ತುದಿಯ ಬಳಿ ಗಾಳಿಕಿಂಡಿ ಇಡುತ್ತೇನೆ. ಅಂತರ್ಜಲ ಮೇಲೆ ಇರುವ ಕಡೆ ಕೆಳಗೆ ತೂತುಪೈಪಿನ ಬಸಿಗಾಲುವೆ ಬೇಕೇ ಬೇಕು.

ಶೀಟು ಹಾಸುವಾಗ ನೆನಪಿಡಬೇಕಾದದ್ದು ಬಿಸಿಲು. ಎಚ್‌ಡಿಪಿಇ ಒಂದು ಡಿಗ್ರಿಗೆ ಮೀಟರ್‌ಗೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ. 50 ಮೀಟರ್ ಉದ್ದದ ಶೀಟು ಮಧ್ಯಾಹ್ನಕ್ಕೂ ನಸುಕಿಗೂ 40 ಡಿಗ್ರಿ ವ್ಯತ್ಯಾಸ ಕಂಡರೆ 40 ಸೆಂ.ಮೀ. ಕುಗ್ಗುತ್ತದೆ. ಮಧ್ಯಾಹ್ನದ ಬಿಸಿಯಲ್ಲಿ ಬಿಗಿಯಾಗಿ ಎಳೆದು ಕಂದಕ ಮುಚ್ಚಿದರೆ, ರಾತ್ರಿ ಇಳಿಜಾರಿನ ಬುಡದಲ್ಲಿ ಶೀಟು ನೆಲ ಬಿಟ್ಟು ತಂತಿಯಂತೆ ಬಿಗಿದು ನಿಲ್ಲುತ್ತದೆ. ಅದರ ಮೇಲೆ ನೀರು ತುಂಬಿದರೆ ಶೀಟು ಹರಿದುಹೋಗುವುದು ಅಲ್ಲೇ. ಅದಕ್ಕೆ ಸಡಿಲ ಬಿಟ್ಟು ಹಾಸಿ, ಕಂದಕಕ್ಕೆ ಮಣ್ಣು ತುಂಬುವುದನ್ನು ದಿನದ ತಂಪು ಹೊತ್ತಿಗೆ ಇಟ್ಟುಕೊಳ್ಳುತ್ತೇನೆ. ಇಳಿಜಾರಿನಲ್ಲಿ ಜೋಡುಗಳು ಮೇಲಿನಿಂದ ಕೆಳಕ್ಕೆ ಓಡಬೇಕು, ಅಡ್ಡಕ್ಕೆ ಅಲ್ಲ. ತಳದ ಅಡ್ಡ ಜೋಡು ಇಳಿಜಾರಿನ ಬುಡದಿಂದ ಒಂದೂವರೆ ಮೀಟರ್ ದೂರ ಇರಲಿ. ಬಿಚ್ಚಿದ ಶೀಟಿನ ಅಂಚಿನ ಮೇಲೆ ತಕ್ಷಣ ಮರಳಿನ ಚೀಲ ಸಾಲಾಗಿ ಇಡಬೇಕು. ಗಾಳಿ ಒಮ್ಮೆ ಅಡಿಗೆ ಹೊಕ್ಕರೆ ಹತ್ತು ಜನ ಹಿಡಿದರೂ ನಿಲ್ಲುವುದಿಲ್ಲ, ಆಗ ಹಿಡಿಯಲು ಹೋಗಲೂಬಾರದು. ಅಂದು ವೆಲ್ಡ್ ಮಾಡಿ ಮುಗಿಸುವಷ್ಟನ್ನೇ ಅಂದು ಬಿಚ್ಚಬೇಕು.

ಉದ್ದ ಜೋಡುಗಳಿಗೆ ಹಾಟ್ ವೆಡ್ಜ್ ಯಂತ್ರ: ಎರಡು ಶೀಟುಗಳ ನಡುವೆ ಕಾದ ಲೋಹದ ಬೆಣೆ ಓಡಿಸಿ ಕರಗಿಸಿ ಒತ್ತಿ ಅಂಟಿಸುವಂಥದ್ದು. 10ರಿಂದ 15 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಇಟ್ಟು, ಒಣ ಹತ್ತಿಬಟ್ಟೆಯಿಂದ ಧೂಳು ಒರೆಸಿ ಓಡಿಸಬೇಕು. 1.5 ಮಿ.ಮೀ. ಶೀಟಿಗೆ ನಾನು ಶುರುಮಾಡುವುದು 400 ಡಿಗ್ರಿ, ನಿಮಿಷಕ್ಕೆ 2 ಮೀಟರ್ ಆಸುಪಾಸಿನಲ್ಲಿ. ಆದರೆ ಆ ಅಂಕಿಗಳನ್ನು ಯಾರೂ ಹಾಗೇ ನಂಬಬಾರದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಯಂತ್ರ ಆರಿಸಿ ಹಚ್ಚಿದಾಗಲೆಲ್ಲ, ಅದೇ ಶೀಟಿನ ತುಂಡಿನಲ್ಲಿ 3 ಮೀಟರ್ ಪರೀಕ್ಷಾ ಜೋಡು ಹಾಕಿ, 25 ಮಿ.ಮೀ. ಅಗಲದ ಐದು ಪಟ್ಟಿ ಕತ್ತರಿಸಿ ಸುಲಿದು ನೋಡುತ್ತೇನೆ. ಪಟ್ಟಿ ಹರಿಯಬೇಕು, ಜೋಡು ಬಿಚ್ಚಬಾರದು. ಜೋಡು ಸಿಪ್ಪೆಯಂತೆ ಬಿಚ್ಚಿಕೊಂಡರೆ ಶಾಖ ಸಾಲದು, ವೇಗ ಹೆಚ್ಚು, ಇಲ್ಲವೇ ತೇವ ಇದೆ. ಬೆಳಗಿನ ಇಬ್ಬನಿ ಆರುವ ತನಕ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ. ಬೆಳಿಗ್ಗೆ ಸರಿಯಿದ್ದ ಯಂತ್ರ ಇದ್ದಕ್ಕಿದ್ದಂತೆ ಕೆಟ್ಟ ಜೋಡು ಹಾಕತೊಡಗಿದರೆ ಜನರೇಟರ್ ನೋಡಿ: ತೀರ ಉದ್ದದ ಕೇಬಲ್, ಅದೇ ಲೈನಿನಲ್ಲಿ ಗ್ರೈಂಡರ್ ಹಚ್ಚಿದ್ದು, ವೋಲ್ಟೇಜ್ ಬಿದ್ದು ವೆಡ್ಜ್ ತಣ್ಣಗಾಗಿರುತ್ತದೆ. ಜನರೇಟರನ್ನು ಶೀಟಿನ ಮೇಲೆ ಇಡಲೇಬೇಡಿ.

ಈ ಯಂತ್ರ ಎರಡು ಸಮಾನಾಂತರ ಜೋಡು ಹಾಕಿ ನಡುವೆ ಒಂದು ಕೊಳವೆ ಬಿಡುತ್ತದೆ. ಎರಡೂ ತುದಿ ಮುಚ್ಚಿ, ಸೂಜಿ ಚುಚ್ಚಿ, ಪಂಪಿನಿಂದ 200 ಕಿಲೋಪ್ಯಾಸ್ಕಲ್‌ನಷ್ಟು ಗಾಳಿ ತುಂಬುತ್ತೇನೆ. ಎರಡು ನಿಮಿಷ ಸ್ಥಿರವಾಗಲು ಬಿಟ್ಟು, ಆಮೇಲೆ ಐದು ನಿಮಿಷದಲ್ಲಿ ಒತ್ತಡ 20 ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚು ಇಳಿಯಬಾರದು. ಕೊನೆಗೆ ಗೇಜು ಇರುವ ತುದಿ ಬಿಟ್ಟು ಎದುರು ತುದಿಯನ್ನು ಕತ್ತರಿಸಬೇಕು. ಅಲ್ಲಿ ಬುಸ್ಸೆಂದು ಗಾಳಿ ಹೊರಬಿದ್ದು ಇಲ್ಲಿ ಗೇಜಿನ ಮುಳ್ಳು ಬಿದ್ದರೆ ಮಾತ್ರ ಇಡೀ ಜೋಡು ಪರೀಕ್ಷೆಯಾದಂತೆ. ಮಧ್ಯೆ ಕೊಳವೆ ಕಟ್ಟಿಕೊಂಡಿದ್ದರೆ ಅರ್ಧ ಜೋಡನ್ನು ಪರೀಕ್ಷಿಸಿ ಪಾಸು ಎಂದು ಬರೆದಿರುತ್ತೇವೆ. ಕೈಗಾರಿಕಾ ಹೊಂಡಗಳಲ್ಲಿ ಇದರ ಮೇಲೆ ಪ್ರತಿ 150 ಮೀಟರ್ ಜೋಡಿಗೆ ಒಂದು ತುಂಡು ಕತ್ತರಿಸಿ ಎಳೆತದ ಪರೀಕ್ಷೆಗೆ ಕೊಡುವುದು ರೂಢಿ.

ತೇಪೆ, ಮೂರು ಶೀಟು ಸೇರುವ ಗಂಟು, ಪೈಪಿನ ಸುತ್ತ: ಇವಕ್ಕೆ ಎಕ್ಸ್‌ಟ್ರೂಷನ್ ಗನ್, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಜೋಡಿನ ಮೇಲೆ ಹಿಂಡುವ ಕೈಯಂತ್ರ. ಅಂಚನ್ನು ಓರೆ ಮಾಡಿ, ಬಿಸಿಗಾಳಿಯಿಂದ ತಾತ್ಕಾಲಿಕವಾಗಿ ಅಂಟಿಸಿ, ಹೊಳಪು ಹೋಗುವಷ್ಟು ಮಾತ್ರ ಉಜ್ಜಬೇಕು; ದಪ್ಪದ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಉಜ್ಜಿದ ಒಂದು ಗಂಟೆಯೊಳಗೆ ವೆಲ್ಡ್ ಆಗಬೇಕು. ಗ್ರೈಂಡರ್ ಗೀರುಗಳು ಜೋಡಿನ ಉದ್ದಕ್ಕೆ ಓಡಿದರೆ ಬಿರುಕಿಗೆ ದಾರಿ ಹಾಕಿಕೊಟ್ಟಂತೆ, ಅಡ್ಡಕ್ಕೆ ಇರಲಿ. ಗನ್ ನಿಂತಿದ್ದರೆ ಒಳಗೆ ಬೆಂದುಹೋದ ಪ್ಲಾಸ್ಟಿಕ್ಕನ್ನು ಹೊರಗೆ ಚೆಲ್ಲಿ ಆಮೇಲೆ ಶುರುಮಾಡುತ್ತೇನೆ. ತೇಪೆಯ ಮೂಲೆಗಳು ಗುಂಡಗಿರಬೇಕು, ತೂತಿನ ಎಲ್ಲ ಕಡೆಗೂ 15 ಸೆಂ.ಮೀ. ಹರಡಿರಬೇಕು. ಪರೀಕ್ಷೆ ವ್ಯಾಕ್ಯೂಮ್ ಬಾಕ್ಸ್‌ನಿಂದ: ಸಾಬೂನು ನೀರು ಸವರಿ, ಗಾಜಿನ ಪೆಟ್ಟಿಗೆ ಒತ್ತಿ, ಗಾಳಿ ಎಳೆದು 15 ಸೆಕೆಂಡು ಗುಳ್ಳೆ ಬರುತ್ತದೆಯೇ ನೋಡುವುದು.

ಪೈಪನ್ನು ಆದಷ್ಟು ಲೈನರ್ ತೂರದೆ ಏರಿಯ ಮೇಲಿನಿಂದ ತರಲು ಒತ್ತಾಯಿಸುತ್ತೇನೆ. ತೂರಲೇಬೇಕಾದರೆ ಸುತ್ತಲ ಮಣ್ಣು ಚೆನ್ನಾಗಿ ದಮ್ಮಸ್ಸಾಗಿರಬೇಕು, ಇಲ್ಲದಿದ್ದರೆ ಪೈಪು ನಿಂತು ಮಣ್ಣು ಕುಸಿದು ಬೂಟು (ಪೈಪಿಗೆ ತೊಡಿಸಿ ಲೈನರಿಗೆ ಸೇರಿಸುವ ಶೀಟಿನ ತೋಳು) ಹರಿಯುತ್ತದೆ. ಪೈಪೂ ಎಚ್‌ಡಿಪಿಇಯದೇ ಆದರೆ ಬೂಟನ್ನು ವೆಲ್ಡ್ ಮಾಡಬಹುದು, ಇಲ್ಲವಾದರೆ ರಬ್ಬರ್ ಗ್ಯಾಸ್ಕೆಟ್ ಸುತ್ತಿ ಸ್ಟೇನ್‌ಲೆಸ್ ಪಟ್ಟಿಯಿಂದ ಬಿಗಿಯಬೇಕು.

ಮಳೆನೀರಿನ ಹೊಂಡಗಳ ಕಷ್ಟ ಬೇರೆ. ನೀರು ರಭಸದಿಂದ ಬೀಳುವ ಕಡೆ ಕಾಂಕ್ರೀಟ್ ಹಾಸು ಬೇಕು. ಹೂಳು ತೆಗೆಯಲು ಯಂತ್ರ ಇಳಿಯುತ್ತದೆ ಎಂದಾದರೆ ಯಂತ್ರ ಓಡಾಡುವ ತಳಕ್ಕೆ ಜಿಯೋಟೆಕ್ಸ್‌ಟೈಲ್ ಹಾಸಿ ಮೇಲೆ ಕಾಂಕ್ರೀಟ್ ಹಾಕಿಸುತ್ತೇನೆ, ಏಕೆಂದರೆ ಬಕೆಟ್ಟಿನ ಹಲ್ಲಿಗೆ 30 ಸೆಂ.ಮೀ. ಮಣ್ಣು ಲೆಕ್ಕಕ್ಕಿಲ್ಲ. ಕೃಷಿ ಹೊಂಡವಾದರೆ ಸುತ್ತ ಬೇಲಿ, ಪ್ರತಿ ಬದಿಯಲ್ಲಿ ಗಂಟು ಹಾಕಿದ ಹಗ್ಗ ಅಥವಾ ಏಣಿ. ಒದ್ದೆ ಎಚ್‌ಡಿಪಿಇ ಇಳಿಜಾರನ್ನು ಈಜು ಬಲ್ಲವರೂ ಹತ್ತಿ ಬರಲಾರರು.

ಕೊನೆಗೆ ನೀರು. ಅರ್ಧ ಮೀಟರ್ ತುಂಬಿ ಒಂದು ದಿನ ನಿಲ್ಲಿಸಿ, ಇಳಿಜಾರಿನ ಬುಡದಲ್ಲಿ ಶೀಟು ನೆಲಕ್ಕೆ ಕೂತಿದೆಯೇ ನೋಡಿ ಮುಂದೆ ತುಂಬುತ್ತೇನೆ. ಪೂರ್ತಿ ತುಂಬಿದ ಮೇಲೆ ಗೋಡೆಗೆ ಗುರುತು ಹಾಕಿ, ಅದೇ ನೀರು ತುಂಬಿದ ಒಂದು ಬಕೆಟ್ಟನ್ನು ಹೊಂಡದ ನೀರಿನಲ್ಲೇ ಸ್ವಲ್ಪ ಮುಳುಗಿಸಿ ಅಲುಗದಂತೆ ನಿಲ್ಲಿಸುತ್ತೇನೆ. ಮೂರು ದಿನದ ನಂತರ ಎರಡರ ಇಳಿಕೆಯನ್ನೂ ಅಳೆಯಬೇಕು. ಬಕೆಟ್ಟಿನಲ್ಲಿ ಇಳಿದದ್ದು ಆವಿ. ಹೊಂಡದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಮತ್ತೆ ಮೊದಲು ಹೋಗಿ ನೋಡುವುದು ಪೈಪಿನ ಬೂಟನ್ನು.