ಸ್ಲಡ್ಜ್ ಕಾಯಿಸಿದ ಮೇಲೆ ಒಲೆ ಉರಿಯಿತು

ತುಮಕೂರಿನ ಹೊರಗಿನ ಒಂದು ಹಾಸ್ಟೆಲ್‌ನಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುವುದು ನನ್ನ ಕೆಲಸ. ಕೊಳಚೆ ನೀರಿನಿಂದ ಉಳಿಯುವ ಸ್ಲಡ್ಜನ್ನು (ಕೆಸರನ್ನು) ಗೋಬರ್ ಗ್ಯಾಸ್ ತರಹದ ಡೈಜೆಸ್ಟರ್‌ಗೆ, ಅಂದರೆ ಕೊಳೆಸಿ ಗ್ಯಾಸ್ ಮಾಡುವ ತೊಟ್ಟಿಗೆ, ಹಾಕುತ್ತೇವೆ. ಆದರೆ ಗ್ಯಾಸ್ ಸಾಲುತ್ತಿರಲಿಲ್ಲ. ಹಾಲು ಉಕ್ಕುವ ಮೊದಲೇ ಒಲೆ ಆರಿಹೋಗುತ್ತಿತ್ತು.

ಮೊದಲು ಸುಮ್ನೆ ಸಗಣಿ ಜಾಸ್ತಿ ಹಾಕಿ ನೋಡಿದೆ. ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ತೊಂದರೆ ಇದ್ದದ್ದು ಸ್ಲಡ್ಜ್‌ನಲ್ಲೇ. ಅದರಲ್ಲಿ ಹೆಚ್ಚಿನ ಪಾಲು ಬ್ಯಾಕ್ಟೀರಿಯಾಗಳೇ. ಅವುಗಳ ಕೋಶದ ಗೋಡೆ ಗಟ್ಟಿ. ಅದು ಒಡೆಯದಿದ್ದರೆ ಒಳಗಿನ ಪ್ರೋಟೀನ್ ಮೀಥೇನ್ (ಒಲೆಯಲ್ಲಿ ಉರಿಯುವ ಗ್ಯಾಸ್) ಆಗುವುದು ತುಂಬಾ ನಿಧಾನ. ಹುರುಳಿಯನ್ನು ಬೇಯಿಸದೆ ತಿಂದ ಹಾಗೆ, ಅಲ್ವಾ?

ದೊಡ್ಡ ಘಟಕಗಳಲ್ಲಿ ಒತ್ತಡ ಕೊಟ್ಟು 160–170 ಡಿಗ್ರಿವರೆಗೆ ಕಾಯಿಸುತ್ತಾರೆ. ನಮಗೆ ಅದು ಆಗದ ಮಾತು. ಆದರೆ ಅಡುಗೆಮನೆಯ ಬಾಯ್ಲರ್‌ನಲ್ಲಿ ಮಧ್ಯಾಹ್ನದ ಅಡುಗೆ ಮುಗಿದ ಮೇಲೂ ಹಬೆ ಉಳಿದಿರುತ್ತದೆ. ಅದನ್ನೇ ಪೈಪಿನಲ್ಲಿ ತಂದು, ಸ್ಲಡ್ಜ್ ತುಂಬಿದ ಡ್ರಮ್ಮಿನೊಳಗೆ ಸುರುಳಿ ಕೊಳವೆಯಲ್ಲಿ ಹರಿಸಿದೆ. 70 ಡಿಗ್ರಿಯಲ್ಲಿ ಕೆಲವು ಗಂಟೆ. ಅಂಬಲಿಯಂತೆ ಮಂದವಾಗಿದ್ದದ್ದು ತಿಳಿಸಾರಿನಂತೆ ತೆಳ್ಳಗಾಯಿತು. ಮೇಲೆ ನಿಂತ ನೀರು ಟೀ ಬಣ್ಣಕ್ಕೆ ತಿರುಗಿತ್ತು. ಕೋಶದೊಳಗಿನದು ಹೊರಬಂದಿದೆ ಅಂತ ಆಗಲೇ ಖುಷಿಯಾಯಿತು.

ಆದರೆ ಒಂದು ತಪ್ಪು ಮಾಡಿದೆ, ಬಿಸಿ ಇದ್ದಾಗಲೇ ಸುರಿದೆ. ಡೈಜೆಸ್ಟರ್‌ನಲ್ಲಿ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ 35–37 ಡಿಗ್ರಿ ಹಿತ. ಗ್ಯಾಸ್ ಪೂರಾ ನಿಂತುಹೋಯಿತು. ಈಗ ಸ್ಲಡ್ಜನ್ನು ತಣ್ಣಗಾಗಲು ಬಿಟ್ಟು, ದಿನಾ ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ. ಒಮ್ಮೆಲೇ ಸುರಿದರೆ ಒಳಗೆ ಹುಳಿ ಏರುತ್ತದೆ. ಪಿಎಚ್ (ಹುಳಿಯ ಅಳತೆ) 7ರ ಆಸುಪಾಸಿನಲ್ಲೇ ಇದೆಯಾ ಅಂತ ಪಟ್ಟಿ ಅದ್ದಿ ನೋಡುತ್ತೇನೆ.

ನಿನ್ನೆ ಬೆಳಿಗ್ಗೆ ನೀಲಿ ಉರಿಯಲ್ಲಿ ಇಡೀ ಹಾಸ್ಟೆಲ್‌ನ ಕಾಫಿಗೆ ಬೇಕಾದ ಹಾಲು ಕಾಯಿತು.