ಅಚ್ಚಿನ ಪುಸ್ತಕವನ್ನು ಕೇಳುವ ಪುಸ್ತಕ ಮಾಡುವುದು ಹೇಗೆ?

ಪರೀಕ್ಷೆ ಹತ್ತಿರ ಬಂತೆಂದರೆ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಗೆಳೆಯರು ಪುಸ್ತಕದ ಫೋಟೊ ತೆಗೆದು, ಪಿಡಿಎಫ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಫೋನ್ ಸರಿಯಾಗಿ ಓದಿ ಹೇಳಲು ಅಕ್ಷರ ಬೇಕು, ಅಕ್ಷರದ ಚಿತ್ರ ಸಾಲದು.

ಕೆಲಸಕ್ಕೆ ಕೈಹಾಕುವ ಮೊದಲು ಪುಸ್ತಕ ಆಗಲೇ ಸಿದ್ಧವಿದೆಯೇ ನೋಡಿ. 2016ರಲ್ಲಿ ಕೇಂದ್ರ ಸರ್ಕಾರ ಮತ್ತು ಇಂಥ ಪುಸ್ತಕ ಮಾಡುವ ಸಂಸ್ಥೆಗಳ ಒಕ್ಕೂಟವಾದ ಡೈಸಿ ಫೋರಂ ಆಫ್ ಇಂಡಿಯಾ ಸೇರಿ ಶುರು ಮಾಡಿದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವಿದೆ. ಅಚ್ಚಾದದ್ದನ್ನು ಓದಲಾಗದವರು ಅಂಗವೈಕಲ್ಯ ಪ್ರಮಾಣಪತ್ರ ತೋರಿಸಿ ಸದಸ್ಯರಾಗಬಹುದು. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯಲ್ಲಿ ಧ್ವನಿಪುಸ್ತಕಗಳ ಗ್ರಂಥಾಲಯವಿದೆ, ಅಲ್ಲೂ ವಿಚಾರಿಸಿ. ಸಿಕ್ಕಿಬಿಟ್ಟರೆ ನಿಮ್ಮ ಎರಡು ವಾರ ಉಳಿಯಿತು.

ಸಿಗಲಿಲ್ಲವೇ? ನೀವೇ ಮಾಡಿ. ಕಾನೂನಿನ ಭಯ ಬೇಡ. ಓದಲಾಗದವರಿಗಾಗಿ ಪುಸ್ತಕದ ರೂಪ ಬದಲಿಸಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಮಾರಬಾರದು, ಊರಿಗೆಲ್ಲ ಹಂಚಬಾರದು, ಅಷ್ಟೇ.

ಸ್ಕ್ಯಾನರ್ ಮೇಲೆ ಪುಟ ಒತ್ತಿ ಹಿಡಿದು 300 ಡಿಪಿಐಯಲ್ಲಿ (ಡಿಪಿಐ ಎಂದರೆ ಚಿತ್ರದ ಸ್ಪಷ್ಟತೆಯ ಅಳತೆ) ಸ್ಕ್ಯಾನ್ ಮಾಡಿ. ಫೋನ್ ಬೇಡವೇ ಬೇಡ, ಬೈಂಡಿಂಗ್ ಹತ್ತಿರ ಸಾಲು ಬಾಗಿ ಅಕ್ಷರ ಕೆಡುತ್ತದೆ. ಪುಟದ ನಡುವೆ ತಮ್ಮ ಹೆಸರಿನ ಮುದ್ರೆ ಒತ್ತುವ ಪುಕ್ಕಟೆ ಆ್ಯಪ್‌ಗಳಂತೂ ಇನ್ನೂ ಕೆಟ್ಟವು. ಹತ್ತು ಹತ್ತು ಪುಟದ ಫೈಲ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬಂದಿರುತ್ತದೆ.

ಜಾಸ್ತಿ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

ಬಿ.ಎ. ಓದುವ ಹುಡುಗಿಯೊಬ್ಬಳು ಒಮ್ಮೆ ನನ್ನನ್ನು ಕೇಳಿದಳು: 'ಮೇಡಂ, ಈ ಪಾಠದಲ್ಲಿ ಇಷ್ಟೊಂದು ಒಂಬತ್ತು ಯಾಕೆ ಬರುತ್ತೆ?' ಫೈಲ್ ತೆರೆದು ನೋಡಿದೆ. 'ಕರ್ಮ' ಇರಬೇಕಾದ ಕಡೆಯಲ್ಲೆಲ್ಲ 'ಕಮ೯' ಇತ್ತು. ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಕೂತಿತ್ತು. ನಮ್ಮ ಕಣ್ಣಿಗೆ ಎರಡೂ ಒಂದೇ. ಅವಳ ಫೋನ್ ಮಾತ್ರ 'ಕಮ ಒಂಬತ್ತು' ಎನ್ನುತ್ತಿತ್ತು. ಯಾರೋ ತಿದ್ದಿದ್ದೇವೆ ಎಂದು ಕೊಟ್ಟ ಫೈಲ್ ಅದು. ಅವಳು ಮೂರು ದಿನ ಅದನ್ನೇ ಕೇಳಿ ಓದಿದ್ದಳು.

ಹಾಗಾಗಿ ಮೊದಲು ೯ ಹುಡುಕಿ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಅಂಕಿ ಅಕ್ಷರದ ನಂತರ ಇರುತ್ತದೆ, 'ರ್' ಅಕ್ಷರದ ಮುಂಚೆ ಬರಬೇಕು. 'ಸೂಯ೯' ಅನ್ನು 'ಸೂರ್ಯ' ಮಾಡಲು ಕೈಯಿಂದಲೇ ತಿದ್ದಬೇಕು. ಆಮೇಲೆ ೦ ಹುಡುಕಿ. ಅನುಸ್ವಾರವನ್ನು ನಾವು ಸೊನ್ನೆ ಅಂತಲೇ ಕರೆಯುತ್ತೇವೆ, ಅಲ್ವಾ? ಕಂಪ್ಯೂಟರಿಗೆ ಅನುಸ್ವಾರ ಬೇರೆ, ಅಂಕಿಯ ಸೊನ್ನೆ ಬೇರೆ. 'ಬೆ೦ಗಳೂರು' ಎಂದಿದ್ದರೆ ಅದು ತಪ್ಪು. ಇಸವಿಯಲ್ಲಿರುವ ಸೊನ್ನೆಯನ್ನು ಮಾತ್ರ ಮುಟ್ಟಬೇಡಿ.

ನಂತರ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿ. ಒತ್ತಕ್ಷರ ಬಿಟ್ಟುಹೋಗಿರುತ್ತದೆ, 'ಪ' ಇರುವಲ್ಲಿ 'ಷ' ಬಂದಿರುತ್ತದೆ. ಸಾಲಿನ ಕೊನೆಯಲ್ಲಿ ಮುರಿದ ಪದಗಳನ್ನು ಕೂಡಿಸಿ. ವಾಕ್ಯದ ಮಧ್ಯೆ ನುಗ್ಗಿದ ಪಾಠದ ಹೆಸರು ತೆಗೆಯಿರಿ. ಪುಟಸಂಖ್ಯೆ ಮಾತ್ರ ಉಳಿಸಿ, ಬೇರೆ ಸಾಲಿನಲ್ಲಿ 'ಪುಟ 42' ಎಂದು ಬರೆಯಿರಿ. ತರಗತಿಯಲ್ಲಿ ಮೇಷ್ಟ್ರು ಪುಟ ಹೇಳಿಯೇ ಪಾಠ ಮಾಡುತ್ತಾರೆ. ನಕ್ಷೆಯಿದ್ದರೆ ಅದರಲ್ಲಿ ಏನಿದೆ ಎಂದು ಎರಡು ಸಾಲು ಬರೆಯಿರಿ. ಸುಮ್ನೆ 'ಚಿತ್ರ' ಎಂದು ಬಿಡಬೇಡಿ.

ಪ್ರಕಾಶಕರೇ ಫೈಲ್ ಕೊಟ್ಟರೆ ಸ್ಕ್ಯಾನಿಂಗ್ ತಪ್ಪುತ್ತದೆ. ಆದರೆ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿದ್ದರೆ ಯುನಿಕೋಡ್‌ಗೆ, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ವ್ಯವಸ್ಥೆಗೆ, ಬದಲಿಸಲೇಬೇಕು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತವೆ. ತೆರೆಯ ಮೇಲೆ ಕನ್ನಡ ಕಂಡರೂ ಕೇಳಿಸುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಅಧ್ಯಾಯದ ಹೆಸರಿಗೆ ವರ್ಡ್‌ನಲ್ಲಿ 'ಹೆಡಿಂಗ್ 1' ಕೊಡಿ. ಬರೀ ಬೋಲ್ಡ್ ಮಾಡಿದರೆ ಸಾಲದು. ಹೆಡಿಂಗ್ ಇದ್ದರೆ ಓದುವವರು ಒಂದು ಕೀ ಒತ್ತಿ ಮುಂದಿನ ಪಾಠಕ್ಕೆ ಹೋಗಬಹುದು. ಫೈಲ್ ಅನ್ನು ವರ್ಡ್‌ನಲ್ಲೇ ಕೊಡಿ, ಪಿಡಿಎಫ್ ಮಾಡಬೇಡಿ.

ಕೊಡುವ ಮೊದಲು ತೆರೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡು, ತೆರೆ ಆಫ್ ಮಾಡಿ ಎರಡು ಪುಟ ಕೇಳಿ. ಅದು ಪುಕ್ಕಟೆ ಸಿಗುತ್ತದೆ. ಕಣ್ಣು ದಾಟಿಸಿದ ತಪ್ಪು ಕಿವಿಗೆ ತಟ್ಟನೆ ಸಿಕ್ಕಿಬೀಳುತ್ತದೆ. ಇಡೀ ಪುಸ್ತಕ ಮುಗಿಯಲಿ ಎಂದು ಕಾಯಿಸಬೇಡಿ. ಮೊದಲ ಪಾಠ ತಿದ್ದಿದ ದಿನವೇ ಕಳಿಸಿ, ಎಲ್ಲಿ ತಡೆಯಿತು ಎಂದು ಓದಿದವರನ್ನೇ ಕೇಳಿ, ಆಮೇಲೆ ಎರಡನೆಯದಕ್ಕೆ ಕೂರಿ.